ಚಳಿಗಾಲದಲ್ಲಿ ಇನಿಷ್ ಈರ್: ಮನೆಮಂದಿ ಜೊತೆ ಐರ್ಲೆಂಡಿನ ಪುಟ್ಟ ದ್ವೀಪಕ್ಕೆ ಹೋಗಿಬರುವುದು ಹೇಗೆ?

"ಅಲ್ಲಮ್ಮಾ, ಇಲ್ಲಿ ನೆರಳಿಗೆ ಅಂತ ಒಂದು ಮರಾನೂ ಕಾಣಲ್ವಲ್ಲ? ಬರೀ ಕಲ್ಲು!"

ದೋಣಿಯಿಂದ ಇಳಿದ ಕೂಡಲೇ ನಮ್ಮತ್ತೆ ಹೇಳಿದ ಮೊದಲ ಮಾತು ಇದು. ಅವರು ತಿಪಟೂರಿನವರು, ತೆಂಗಿನ ತೋಟದ ನಡುವೆ ಬೆಳೆದವರು. ನಾವು ಡಬ್ಲಿನ್‌ನಲ್ಲಿ ಇದ್ದೇವೆ. ಶಾಲೆಗೆ ಫೆಬ್ರವರಿ ರಜೆ ಸಿಕ್ಕಾಗ ಇಬ್ಬರು ಮಕ್ಕಳು, ಗಂಡ, ಅತ್ತೆ ಎಲ್ಲರನ್ನೂ ಕಟ್ಟಿಕೊಂಡು ಆರನ್ ದ್ವೀಪಗಳಲ್ಲಿ ತೀರಾ ಚಿಕ್ಕದಾದ ಇನಿಷ್ ಈರ್‌ಗೆ ಹೋಗಿದ್ದೆವು. ಬೇಸಿಗೆಯಲ್ಲಿ ಒಂದು ಸಲ ಬೆಳಿಗ್ಗೆ ಹೋಗಿ ಸಂಜೆ ಬಂದಿದ್ದೆವು. ಆಗ ಕಂಡಿದ್ದು ಜನ, ಸೈಕಲ್, ಐಸ್ ಕ್ರೀಮ್. ಚಳಿಗಾಲದಲ್ಲಿ ಕಂಡಿದ್ದು ದ್ವೀಪ.

ಆದರೆ ಚಳಿಗಾಲದ ರಜೆಯನ್ನು ಬೇಸಿಗೆಯ ಹಾಗೆ ಯೋಜಿಸಿದರೆ ಪೇಚಾಟ ಗ್ಯಾರಂಟಿ. ಅಲ್ಲಿ ಯಜಮಾನಿಕೆ ಗಾಳಿಯದು. ದೋಣಿ ಬರುತ್ತದೋ ಇಲ್ಲವೋ, ಅಂಗಡಿಗೆ ಹಾಲು ಬರುತ್ತದೋ ಇಲ್ಲವೋ, ನೀವು ಮನೆಗೆ ಹೊರಡುವುದು ಯಾವತ್ತು, ಎಲ್ಲವೂ ಅದರ ಕೈಯಲ್ಲಿ. ಕೆಳಗೆ ಬರೆದಿರುವುದೆಲ್ಲ ಅದಕ್ಕೆ ಹೊಂದಿಕೊಳ್ಳುವ ಉಪಾಯಗಳೇ.

1. ದ್ವೀಪ ಮತ್ತು ತಿಂಗಳು ಆರಿಸಿಕೊಳ್ಳಿ

ಐರ್ಲೆಂಡಿನ ಪಶ್ಚಿಮದಲ್ಲಿ, ಗಾಲ್ವೇ ಕೊಲ್ಲಿಯ ಬಾಯಲ್ಲಿ ಆರನ್ ದ್ವೀಪಗಳು ಮೂರಿವೆ. ಇನಿಷ್ ಮೋರ್ ದೊಡ್ಡದು, ಸುಮಾರು 12 ಕಿ.ಮೀ. ಉದ್ದ, 800ರ ಆಸುಪಾಸು ಜನ. ನಡುವಿನದು ಇನಿಷ್ ಮಾನ್. ಇಲ್ಲಿ ಜನ ಎಲ್ಲಕ್ಕಿಂತ ಕಡಿಮೆ. ಪೂರ್ವದ ಕೊನೆಯದು ಇನಿಷ್ ಈರ್. ಈ ತುದಿಯಿಂದ ಆ ತುದಿಗೆ ಸುಮಾರು 3 ಕಿ.ಮೀ., ಮುನ್ನೂರು ಚಿಲ್ಲರೆ ಜನ.

ಮೊದಲ ಸಲ ಚಳಿಗಾಲಕ್ಕೆ ಹೋಗುವವರು, ಜೊತೆಗೆ ತೀರಾ ಚಿಕ್ಕ ಮಗು ಇರುವವರು ಇನಿಷ್ ಮೋರ್‌ಗೇ ಹೋಗಿ. ಕಿಲ್‌ರೋನನ್‌ನಲ್ಲಿ ಸೂಪರ್‌ಮಾರ್ಕೆಟ್ ಇದೆ, ದೋಣಿ ಜಾಸ್ತಿ. ದಿನಕ್ಕೆ ಏಳೆಂಟು ಮಾತು ಸಾಕು, ನಡೆಯುವುದಕ್ಕೆ ದಾರಿ ಸಾಕು ಅನ್ನುವವರಿಗೆ ಇನಿಷ್ ಈರ್. ಮಕ್ಕಳನ್ನು ಧೈರ್ಯವಾಗಿ ಬೀದಿಗೆ ಬಿಡಬಹುದು. ಮನೆಯಿಂದ ಎತ್ತ ಹೋದರೂ ಮುಕ್ಕಾಲು ಗಂಟೆಯಲ್ಲಿ ಕಡಲು ಸಿಗುತ್ತದೆ.

ತಿಂಗಳ ವಿಷಯ. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಬೆಳಗಾಗುವುದೇ ಸುಮಾರು 8:50ಕ್ಕೆ, ಸಂಜೆ 4:20ರ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಬಿರುಗಾಳಿಯೂ ಡಿಸೆಂಬರ್, ಜನವರಿಯಲ್ಲೇ ಜಾಸ್ತಿ. ಮಕ್ಕಳಿರುವ ಮನೆಗೆ ನಾನು ಹೇಳುವುದು ಎರಡೇ ಹೊತ್ತು. ಒಂದು, ಅಕ್ಟೋಬರ್ ಕೊನೆಯ ಹ್ಯಾಲೋವೀನ್ ರಜೆ. ಇನ್ನೊಂದು, ಫೆಬ್ರವರಿಯ ಎರಡನೇ ವಾರದಿಂದ ಮಾರ್ಚ್ ಮಧ್ಯದವರೆಗೆ. ಫೆಬ್ರವರಿ ಮಧ್ಯಕ್ಕೆ ಸಂಜೆ ಮುಕ್ಕಾಲು ಆರರವರೆಗೂ ಬೆಳಕಿರುತ್ತದೆ. ಥರ್ಮಾಮೀಟರ್ ನೋಡಿ ಹೆದರಬೇಡಿ. ಅಟ್ಲಾಂಟಿಕ್ ಪಕ್ಕದಲ್ಲೇ ಇರುವುದರಿಂದ ಹಿಮ ಬೀಳುವುದು ಅಪರೂಪ, ಚಳಿ 5ರಿಂದ 10 ಡಿಗ್ರಿಯ ನಡುವೆ. ಕಾಡುವುದು ಗಾಳಿ.

2. ವೀಸಾ (ಊರಿನಿಂದ ಬರುವವರಿಗೆ)

ಅಪ್ಪ, ಅಮ್ಮ, ಅತ್ತೆ, ಮಾವ ಭಾರತದಿಂದ ಬರುವುದಾದರೆ ಒಂದು ಮಾತು ನೆನಪಿರಲಿ. ಐರ್ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿದ್ದರೂ ಷೆಂಗೆನ್‌ನಲ್ಲಿ (ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪು) ಇಲ್ಲ. ಪ್ಯಾರಿಸ್‌ಗೆ ತೆಗೆದ ಷೆಂಗೆನ್ ವೀಸಾ ಇಟ್ಟುಕೊಂಡು ಇಲ್ಲಿ ಇಳಿಯಲಾಗದು. ಐರ್ಲೆಂಡಿನದೇ ವೀಸಾ ಬೇಕು. ಭಾರತೀಯರಿಗೆ ಬ್ರಿಟಿಷ್-ಐರಿಷ್ ವೀಸಾ ಯೋಜನೆ ಅಂತ ಒಂದಿದೆ. ಆ ಗುರುತು ಇರುವ ವೀಸಾದಲ್ಲಿ ಎರಡೂ ದೇಶ ನೋಡಬಹುದು. ಅರ್ಜಿ ಹಾಕುವ ಮುಂಚೆ ಸರ್ಕಾರದ ವಲಸೆ ವೆಬ್‌ಸೈಟಿನಲ್ಲಿ ಈಗಿನ ನಿಯಮ ಒಮ್ಮೆ ಓದಿಕೊಳ್ಳಿ.

3. ದೋಣಿ: ಎರಡೂ ಕಡೆ ಒಂದೊಂದು ದಿನ ಖಾಲಿ ಬಿಡಿ

ಡೂಲಿನ್ ಎಂಬ ಊರಿನಿಂದ ಇನಿಷ್ ಈರ್ ತುಂಬಾ ಹತ್ತಿರ. ಮ್ಯಾಪ್ ನೋಡಿದವರೆಲ್ಲ ಅಲ್ಲಿಂದಲೇ ಹೋಗೋಣ ಅನ್ನುತ್ತಾರೆ. ಆದರೆ ಡೂಲಿನ್ ದೋಣಿಗಳು ಚಳಿಗಾಲದಲ್ಲಿ ನಿಲ್ಲುತ್ತವೆ. ವರ್ಷವಿಡೀ ಓಡುವುದು ರೊಸ್ಸವೀಲ್ ಬಂದರಿನಿಂದ. ಡಬ್ಲಿನ್‌ನಿಂದ ಗಾಲ್ವೇಗೆ ರೈಲೋ ಬಸ್ಸೋ ಹಿಡಿದರೆ ಎರಡೂವರೆ ಗಂಟೆಯ ಹಾದಿ. ಗಾಲ್ವೇಯಿಂದ ರೊಸ್ಸವೀಲ್ ಸುಮಾರು 40 ಕಿ.ಮೀ. ದೋಣಿಯ ಹೊತ್ತಿಗೆ ಸರಿಯಾಗಿ ಬಸ್ ಇರುತ್ತದೆ. ಅದನ್ನೂ ಟಿಕೆಟ್ ಜೊತೆಗೇ ಬುಕ್ ಮಾಡಿ. ದೋಣಿಯಲ್ಲಿ ಸುಮಾರು ಒಂದು ಗಂಟೆ. ಕಾರು ಹತ್ತಿಸುವಂತಿಲ್ಲ, ಬಂದರಿನ ಬಳಿ ನಿಲ್ಲಿಸಿ ಹೋಗಬೇಕು.

ಹತ್ತಿರದ ಇಂಡ್ರವಾನ್‌ನಿಂದ ಎಂಟೊಂಬತ್ತು ಜನ ಕೂರುವ ಪುಟ್ಟ ವಿಮಾನವೂ ಇದೆ. ಹತ್ತು ನಿಮಿಷದೊಳಗೆ ಇಳಿಸುತ್ತದೆ. ಹತ್ತುವ ಮುಂಚೆ ಲಗೇಜ್ ಜೊತೆ ನಿಮ್ಮನ್ನೂ ತೂಕ ಹಾಕುತ್ತಾರೆ! ಆ ಮಾತು ನಮ್ಮ ಕಿರಿಯವನಿಗೆ ತುಂಬಾ ಇಷ್ಟವಾಯಿತು. ಅವನ ಅಪ್ಪನಿಗೆ ಅಷ್ಟೇನೂ ಇಷ್ಟವಾಗಲಿಲ್ಲ. ಮಂಜು ಕವಿದರೆ ಅದೂ ಹಾರುವುದಿಲ್ಲ.

ಈಗ ನಮ್ಮ ತಪ್ಪಿನ ಕಥೆ. ನಾವು ಭಾನುವಾರ ಮಧ್ಯಾಹ್ನದ ದೋಣಿಯಲ್ಲಿ ವಾಪಸ್, ಸೋಮವಾರ ಬೆಳಿಗ್ಗೆ ಆಫೀಸು ಅಂತ ಇಟ್ಟುಕೊಂಡಿದ್ದೆವು. ಶನಿವಾರ ರಾತ್ರಿ ಮೊಬೈಲಿಗೆ ಒಂದು ಸಾಲಿನ ಸಂದೇಶ ಬಂತು: ನಾಳೆ ದೋಣಿ ಇಲ್ಲ. ಸೋಮವಾರವೂ ಇರಲಿಲ್ಲ. ಮಂಗಳವಾರ ಮಧ್ಯಾಹ್ನ ಹೊರಟೆವು. ಎರಡು ದಿನದ ರಜೆ ಹೋಯಿತು, ಅತ್ತೆಯ ಬಿಪಿ ಮಾತ್ರೆ ಒಂದೇ ಉಳಿದಿತ್ತು. ವಿಚಿತ್ರ ಅಂದರೆ ಸೋಮವಾರ ಬಿಸಿಲು ಚೆನ್ನಾಗಿಯೇ ಇತ್ತು! ಗಾಳಿ ನಿಂತರೂ ಅಲೆಯ ಉಬ್ಬರ ಇಳಿಯಲು ಹೊತ್ತು ಬೇಕು, ಅಲ್ವಾ? ಕಟ್ಟೆಗೆ ದೋಣಿ ತಾಗಿಸಲು ಆಗದಿದ್ದರೆ ಬಿಸಿಲು ಕಟ್ಟಿಕೊಂಡು ಏನು ಮಾಡುವುದು?

ಹಾಗಾಗಿ ಲೆಕ್ಕ ಹೀಗಿರಲಿ. ಹೋಗುವ ಹಿಂದಿನ ರಾತ್ರಿ ಗಾಲ್ವೇಯಲ್ಲಿ ತಂಗಿ. ವಾಪಸ್ ಬರುವ ದಿನಕ್ಕೂ ಆಫೀಸಿಗೋ ವಿಮಾನಕ್ಕೋ ನಡುವೆ ಕಡಿಮೆ ಅಂದರೆ ಒಂದು ದಿನ, ಊರಿಗೆ ಹೋಗುವ ವಿಮಾನವಾದರೆ ಎರಡು ದಿನ ಬಿಡಿ. ಹೊರಡುವ ಮೂರು ದಿನ ಮುಂಚಿನಿಂದ ಐರ್ಲೆಂಡಿನ ಹವಾಮಾನ ಸಂಸ್ಥೆ ಮೆಟ್ ಏರನ್‌ನ ಮುನ್ಸೂಚನೆ ನೋಡುತ್ತಿರಿ. ಎಚ್ಚರಿಕೆಗೆ ಮೂರು ಬಣ್ಣ: ಹಳದಿ, ಕಿತ್ತಳೆ, ಕೆಂಪು. ಗಾಲ್ವೇ ಅಥವಾ ಪಕ್ಕದ ಕ್ಲೇರ್ ಕೌಂಟಿಗೆ (ಜಿಲ್ಲೆಗೆ) ಕಿತ್ತಳೆ ಬಂತು ಅಂದರೆ ದೋಣಿಯ ಆಸೆ ಬಿಡಿ. ಹಳದಿ ಇದ್ದಾಗ ಸುಮ್ನೆ ಊಹಿಸಬೇಡಿ, ದೋಣಿಯವರಿಗೆ ಫೋನ್ ಮಾಡಿ.

ವಾಂತಿಗೆ ಮಾತ್ರೆ ಬೇಕಿದ್ದರೆ ಔಷಧಿ ಅಂಗಡಿಯಲ್ಲಿ ವಯಸ್ಸು ಹೇಳಿ ಕೇಳಿ, ಹೊರಡುವ ಮುಂಚೆಯೇ ಕೊಡಿ. ದೋಣಿ ಅಲ್ಲಾಡಲು ಶುರುವಾದ ಮೇಲೆ ನುಂಗಿದರೆ ಮಾತ್ರೆಯೂ ಹೊರಗೆ. ಅತ್ತೆ ಬೆಲ್ಲದ ಜೊತೆ ಒಣಶುಂಠಿ ಪುಡಿ ಉಂಡೆ ಕಟ್ಟಿ ತಂದಿದ್ದರು. ನಮ್ಮನೆಯಲ್ಲಿ ಕೆಲಸ ಮಾಡಿದ್ದು ಅದೇ. ಮೊಬೈಲ್ ನೋಡಲು ಬಿಡಬೇಡಿ, ದೂರದ ದಿಗಂತ ನೋಡಲು ಹೇಳಿ.

4. ಮನೆ ಹಿಡಿಯುವಾಗ ಈ ಪ್ರಶ್ನೆಗಳನ್ನು ಕೇಳಿ

ಚಳಿಗಾಲಕ್ಕೆ ಬಿ ಆ್ಯಂಡ್ ಬಿ (ಕೋಣೆ, ಬೆಳಗಿನ ತಿಂಡಿ ಕೊಡುವ ಮನೆಗಳು), ಹೋಟೆಲು, ಕೆಫೆ ಹೆಚ್ಚಿನವು ಬಾಗಿಲು ಹಾಕಿರುತ್ತವೆ. ಅಡುಗೆಮನೆ ಇರುವ ಬಾಡಿಗೆ ಮನೆಯೇ ಒಳ್ಳೆಯದು. ವೆಬ್‌ಸೈಟಿನಲ್ಲಿ ಬುಕ್ ಮಾಡಿ ಸುಮ್ಮನಾಗಬೇಡಿ, ಮನೆಯವರ ಜೊತೆ ಫೋನಿನಲ್ಲಿ ಮಾತಾಡಿ. ನಾನು ಈಗ ಕೇಳುವುದು ಇಷ್ಟು:

ದೋಣಿ ರದ್ದಾದರೆ ಬರದ ದಿನದ ಬಾಡಿಗೆ ಏನಾಗುತ್ತದೆ, ಹೊರಡಲಾಗದ ದಿನ ಅದೇ ಮನೆಯಲ್ಲಿ ಉಳಿಯಬಹುದೇ? ಕಟ್ಟೆಯಿಂದ ಲಗೇಜ್ ತರಲು ಗಾಡಿ ಬರುತ್ತದೆಯೇ? ಮನೆ ಬಿಸಿ ಮಾಡುವುದು ಯಾವುದರಿಂದ, ಕಟ್ಟಿಗೆ, ಬ್ರಿಕೆಟ್ (ಒತ್ತಿ ಮಾಡಿದ ಉರುವಲಿನ ಇಟ್ಟಿಗೆ) ಎಷ್ಟಿದೆ? ಒಲೆ ಗ್ಯಾಸೋ, ಇಂಡಕ್ಷನ್ನೋ? ಅಂಗಡಿ ಆ ವಾರ ಯಾವ ಹೊತ್ತಿನಲ್ಲಿ ತೆರೆದಿರುತ್ತದೆ?

ಒಲೆಯ ಪ್ರಶ್ನೆ ಮರೆತು ನಾವು ಅಲ್ಯೂಮಿನಿಯಂ ಕುಕ್ಕರ್ ಹೊತ್ತುಕೊಂಡು ಹೋಗಿದ್ದೆವು. ಅಲ್ಲಿದ್ದಿದ್ದು ಇಂಡಕ್ಷನ್. ಕುಕ್ಕರ್ ಸುಮ್ನೆ ಮೂಲೆಯಲ್ಲಿ ಕೂತಿತ್ತು.

ಬಿಸಿನೀರಿನ ಕಥೆ ಬೇರೆಯೇ. ಐರಿಷ್ ಮನೆಗಳಲ್ಲಿ 'ಇಮರ್ಷನ್' ಅಂತ ಒಂದು ಸ್ವಿಚ್ ಇರುತ್ತದೆ, ನಮ್ಮ ಗೀಸರ್‌ನ ಅಣ್ಣ. ಸಾಮಾನ್ಯವಾಗಿ ಅದು 'ಹಾಟ್ ಪ್ರೆಸ್' ಎಂಬ ಬೀರುವಿನೊಳಗೆ, ಬಟ್ಟೆ ಒಣಗಿಸುವ ಜಾಗದಲ್ಲಿ ಅಡಗಿರುತ್ತದೆ. ಪಕ್ಕದಲ್ಲೇ ಇನ್ನೊಂದು ಸ್ವಿಚ್: 'ಸಿಂಕ್', 'ಬಾತ್'. ಸಿಂಕ್ ಅಂದರೆ ಮೇಲಿನ ಸ್ವಲ್ಪ ನೀರು ಮಾತ್ರ ಕಾಯುತ್ತದೆ. ಬಾತ್ ಅಂದರೆ ಇಡೀ ಟ್ಯಾಂಕು. ಸಿಂಕ್‌ಗೆ ಹಾಕಿಟ್ಟು ಐದು ಜನ ಸ್ನಾನಕ್ಕೆ ಹೋದರೆ ಕೊನೆಯವರ ಗತಿ ಏನು ಅಂತ ನಮ್ಮನೆಯವರನ್ನು ಕೇಳಿ. ಸ್ನಾನಕ್ಕೆ ಒಂದು ಗಂಟೆ ಮುಂಚೆ ಹಾಕಿ, ಆಮೇಲೆ ಆರಿಸಿ. ಆರಿಸದೆ ಬಿಟ್ಟರೆ ಇಲ್ಲಿನ ಅಜ್ಜಿಯರೂ ಬೈಯುತ್ತಾರೆ.

5. ಊಟದ ಸಾಮಾನು: ಇದ್ದಷ್ಟು ದಿನ, ಜೊತೆಗೆ ಮೂರು ದಿನ

ದ್ವೀಪದ ಅಂಗಡಿಯಲ್ಲಿ ಆಲೂಗಡ್ಡೆ, ಈರುಳ್ಳಿ, ಕ್ಯಾರೆಟ್, ಹಾಲು, ಬೆಣ್ಣೆ, ಬ್ರೆಡ್, ಮೊಟ್ಟೆಯಂಥವು ಸಿಗುತ್ತವೆ. ಆದರೆ ಎಲ್ಲವೂ ದೋಣಿಯಲ್ಲೇ ಬರಬೇಕು. ಕೊತ್ತಂಬರಿ, ಕರಿಬೇವು, ಬೇಳೆ ಕೇಳಿಕೊಂಡು ಹೋಗಬೇಡಿ. ನಮ್ಮ ಚೀಲದಲ್ಲಿದ್ದವು: ಅಕ್ಕಿ, ತೊಗರಿಬೇಳೆ, ಸಾರಿನ ಪುಡಿ, ಹುಣಸೆಹಣ್ಣು, ಹುರಿದ ರವೆ, ಗಟ್ಟಿ ಅವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಸಣ್ಣ ಡಬ್ಬಿ ತುಪ್ಪ. ಅತ್ತೆಯ ಲೆಕ್ಕದಲ್ಲಿ ಒಂದು ಗಿಟುಕು ಕೊಬ್ಬರಿ ಕೂಡ. ಮೂರು ದಿನಕ್ಕೆ ಹೆಚ್ಚುವರಿ ಅಂತ ಕಟ್ಟಿದ್ದ ಅವಲಕ್ಕಿಯೇ ಆ ಸೋಮವಾರ, ಮಂಗಳವಾರ ಹೊಟ್ಟೆ ತುಂಬಿಸಿತು.

ಇಲ್ಲಿನ ಅಡುಗೆಮನೆಗಳಲ್ಲಿ ಹೊಗೆಯ ಅಲಾರಂ ತುಂಬಾ ಚುರುಕು. ಒಗ್ಗರಣೆಗೆ ಮೊದಲು ಕಿಟಕಿ ತೆರೆಯಿರಿ, ಫ್ಯಾನ್ ಹಾಕಿ, ಒಣಮೆಣಸಿನಕಾಯಿ ಕೊನೆಯಲ್ಲಿ ಹಾಕಿ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿ ಅದಕ್ಕೆ ವಿರುದ್ಧ ದಿಕ್ಕಿನ ಕಿಟಕಿಯನ್ನೇ ತೆರೆಯಬೇಕು. ಇಲ್ಲದಿದ್ದರೆ ಘಾಟೆಲ್ಲ ವಾಪಸ್ ನಿಮ್ಮ ಮೂಗಿಗೇ.

ಕ್ಯಾಶ್ ಇಟ್ಟುಕೊಳ್ಳಿ. ಕಾರ್ಡ್ ನಡೆಯುತ್ತದೆ, ಆದರೆ ಕರೆಂಟು, ನೆಟ್‌ವರ್ಕು ಹೋದ ದಿನ ನಡೆಯುವುದಿಲ್ಲ. ದಿನವೂ ನುಂಗುವ ಮಾತ್ರೆಗಳನ್ನು ಒಂದು ವಾರಕ್ಕೆ ಜಾಸ್ತಿಯೇ ತೆಗೆದುಕೊಂಡು, ಕೈಚೀಲದಲ್ಲಿ ಇಡಿ. ದ್ವೀಪದಲ್ಲಿ ನರ್ಸ್ ಇರುತ್ತಾರೆ. ತುರ್ತು ಸಂದರ್ಭಕ್ಕೆ 112 ಅಥವಾ 999.

6. ಬಟ್ಟೆ

ಛತ್ರಿ ಬೇಡವೇ ಬೇಡ, ಮೊದಲ ದಿನವೇ ಮುರಿಯುತ್ತದೆ. ಮಳೆ ಜಾಕೆಟ್, ಮಳೆ ಪ್ಯಾಂಟ್, ಮಕ್ಕಳಿಗೆ ರಬ್ಬರ್ ಬೂಟು, ಎರಡು ಜೊತೆ ಹೆಚ್ಚು ಕಾಲುಚೀಲ. ಅತ್ತೆಯ ಮಂಕಿ ಕ್ಯಾಪ್ ನೋಡಿ ನಾವು ಡಬ್ಲಿನ್‌ನಲ್ಲಿ ನಕ್ಕಿದ್ದೆವು. ಎರಡನೇ ದಿನಕ್ಕೆ ಅದಕ್ಕಾಗಿ ಮಕ್ಕಳ ಜಗಳ. ದೋಣಿಯಲ್ಲಿ ಲಗೇಜ್ ಒದ್ದೆಯಾಗಬಹುದು. ಬಟ್ಟೆಯನ್ನು ಮೊದಲು ಕಸದ ದೊಡ್ಡ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಆಮೇಲೆ ಬ್ಯಾಗಿಗೆ ಹಾಕಿ.

ಆರನ್ ಸ್ವೆಟರ್ ಕೊಳ್ಳುವ ಮನಸ್ಸಿದ್ದರೆ ಧಾರಾಳವಾಗಿ ಕೊಳ್ಳಿ, ಬೆಚ್ಚಗಿರುತ್ತದೆ. ಆದರೆ ಒಂದೊಂದು ಮನೆತನಕ್ಕೂ ಒಂದೊಂದು ಹೆಣಿಗೆ ಅನ್ನುವುದು ಮಾರಾಟದ ಕಥೆ, ಅದಕ್ಕೆ ಹೆಚ್ಚು ದುಡ್ಡು ಕೊಡಬೇಡಿ.

7. ದಿನ ಕಳೆಯುವುದು ಹೇಗೆ?

ರಾತ್ರಿ ಮುನ್ಸೂಚನೆ ನೋಡಿ, ಬೆಳಕಿನ ನಡುವೆ ಒಂದೇ ಒಂದು ನಡಿಗೆ ಇಟ್ಟುಕೊಳ್ಳಿ. ಗಾಳಿಗೆ ಎದುರಾಗಿ ಹೋಗಿ, ಬೆನ್ನಿಗೆ ಗಾಳಿ ಇಟ್ಟುಕೊಂಡು ವಾಪಸ್ ಬನ್ನಿ. ದಣಿದ ಮಕ್ಕಳನ್ನು ಗಾಳಿಯೇ ಮನೆಗೆ ತಳ್ಳುತ್ತದೆ.

ಮೊದಲ ನಡಿಗೆ ಹಡಗಿನ ಕಡೆಗೆ. ದ್ವೀಪದ ಪೂರ್ವ ದಡದಲ್ಲಿ ಪ್ಲಾಸಿ ಎಂಬ ಸರಕು ಹಡಗು ಬಂಡೆಗಳ ಮೇಲೆ ತುಕ್ಕು ಹಿಡಿದು ಕೂತಿದೆ. 1960ರ ಮಾರ್ಚ್ 8ರಂದು ಬಿರುಗಾಳಿಗೆ ಸಿಕ್ಕಿ ಬಂಡೆಗೆ ಬಡಿಯಿತು. ದ್ವೀಪದ ಜನ ದಡದಿಂದ ಹಡಗಿಗೆ ಹಗ್ಗ ಹಾಯಿಸಿ, ಅದರಲ್ಲಿ ತೊಟ್ಟಿಲಿನ ಹಾಗೆ ಆಸನ ಇಳಿಬಿಟ್ಟು, ಒಬ್ಬೊಬ್ಬರನ್ನಾಗಿ ಹನ್ನೊಂದು ಜನರನ್ನೂ ಎಳೆದುಕೊಂಡರು. ಕೆಲವು ವಾರದ ನಂತರ ಇನ್ನೊಂದು ಬಿರುಗಾಳಿ ಹಡಗನ್ನೇ ಎತ್ತಿ ಬಂಡೆಯ ಮೇಲಿಟ್ಟಿತು. 2014ರ ಜನವರಿಯ ಗಾಳಿಯಲ್ಲಿ ಮತ್ತೆ ಸರಿಯಿತು. ಹತ್ತಿರ ಹೋಗಿ ನೋಡಿದರೆ ತಗಡು ಪದರು ಪದರಾಗಿ ಬಿಡುತ್ತಿರುತ್ತದೆ, ತೂತುಗಳ ಒಳಗಿಂದ ಆಚೆಯ ಕಡಲು ಕಾಣುತ್ತದೆ. ಒಳಗೆ ಹತ್ತಬೇಡಿ, ಅಂಚುಗಳೆಲ್ಲ ಗರಗಸ.

ಪ್ಲಾಸಿ ಅಂದ ಕೂಡಲೇ ದೊಡ್ಡ ಮಗಳು "ಅಮ್ಮಾ, ಅದು ನಮ್ಮ ಪ್ಲಾಸಿ ಅಲ್ವಾ?" ಅಂದಳು. ಅದೇ! 1757ರ ಯುದ್ಧ ಗೆದ್ದ ಕ್ಲೈವ್‌ಗೆ ಬ್ರಿಟಿಷರು ಕೊಟ್ಟ ಬ್ಯಾರನ್ ಪದವಿ ಐರ್ಲೆಂಡಿನದು, 'ಕ್ಲೇರ್ ಕೌಂಟಿಯ ಪ್ಲಾಸಿ'ಯ ಹೆಸರಿನಲ್ಲಿ. ಲಿಮೆರಿಕ್ ಬಳಿ ಇವತ್ತಿಗೂ ಆ ಹೆಸರಿನ ಜಾಗವಿದೆ, ಹಡಗೂ ಲಿಮೆರಿಕ್‌ನ ಕಂಪನಿಯದು. ಬಂಗಾಳದ ಹೆಸರೊಂದು ಇಲ್ಲಿ ಬಂದು ಬಂಡೆ ಹತ್ತಿ ಕೂತಿದೆ.

ಎರಡನೇ ದಿನ ಮರಳಿನ ಕಡೆ ಹೋಗಿ. ಸ್ಮಶಾನದ ದಿಬ್ಬದಲ್ಲಿ ಸಂತ ಕ್ವೀವಾನನ ಹಳೆಯ ಚರ್ಚು ಮರಳಿನೊಳಗೆ ಹೂತುಹೋದಂತೆ ಕಾಣುತ್ತದೆ. ಪ್ರತಿವರ್ಷ ಜೂನ್ 14ರ ಹಬ್ಬಕ್ಕೆ ಜನ ಮರಳು ತೆಗೆಯುತ್ತಾರೆ. ಹತ್ತಿರದಲ್ಲೇ ಕಂಚಿನ ಯುಗದ ಸಮಾಧಿ ದಿಬ್ಬ, ಕ್ನೊಕ್ ರಾಹ್ನಿ. ಅದು ಹೊರಗೆ ಬಂದಿದ್ದೂ 1885ರ ಒಂದು ಬಿರುಗಾಳಿ ಮರಳು ಹಾರಿಸಿದ್ದಕ್ಕೆ. ಒಂದನ್ನು ಮುಚ್ಚುವುದೂ ಇನ್ನೊಂದನ್ನು ತೆರೆಯುವುದೂ ಅದೇ ಗಾಳಿ. ಮೇಲೆ ಒಬ್ರಿಯನ್‌ರ ಕೋಟೆಗೆ ಹತ್ತಿದರೆ, ಮೋಡ ಇಲ್ಲದ ದಿನ ಆಚೆ ದಡದ ಕಡಿದಾದ ಮೋಹರ್ ಬಂಡೆಸಾಲು ಕಾಣುತ್ತದೆ.

ಉಳಿದ ದಿನಗಳಿಗೆ ಕಲ್ಲುಗೋಡೆಗಳೇ ಸಾಕು. ಗಾರೆ ಇಲ್ಲದೆ ಜೋಡಿಸಿದ ಗೋಡೆಗಳು, ನಡುವೆ ಸೀರೆಯಷ್ಟು ಅಗಲದ ಗದ್ದೆಗಳು. ಸುಣ್ಣದ ಬಂಡೆಯ ಮೇಲೆ ಮಣ್ಣೇ ಇರಲಿಲ್ಲ. ಮರಳು, ಕಡಲಪಾಚಿ ಹೊತ್ತು ತಂದು ತಂದು ಜನ ಮಣ್ಣು ಮಾಡಿಕೊಂಡರು. ಎಷ್ಟೋ ಗದ್ದೆಗಳಿಗೆ ಗೇಟೇ ಇಲ್ಲ. ದನ ಹೊಡೆಯುವಾಗ ಗೋಡೆಯಲ್ಲಿ ಒಂದು ಕಡೆ ಕಲ್ಲು ಕೆಡವುತ್ತಾರೆ, ದನ ಹೋದ ಮೇಲೆ ಮತ್ತೆ ಕಟ್ಟುತ್ತಾರೆ. ಹಾಗಾಗಿ ಗೋಡೆ ಹತ್ತಬೇಡಿ, ಕಲ್ಲು ಬಿದ್ದರೆ ಇದ್ದಲ್ಲೇ ಇಡಿ. ಅಲ್ಲಲ್ಲಿ ಸಿಮೆಂಟಿನ ಇಳಿಜಾರು, ಅದರ ಬುಡದಲ್ಲಿ ತೊಟ್ಟಿ ಕಾಣುತ್ತದೆ. ಇಳಿಜಾರಿಗೆ ಬಿದ್ದ ಮಳೆ ದನಗಳ ತೊಟ್ಟಿಗೆ ಹರಿಯುತ್ತದೆ. ನಮ್ಮ ಕಿರಿಯವನು ಅರ್ಧ ಗಂಟೆ ಅದರ ಮುಂದೆ ಕೂತು ನೀರು ಹರಿಸಿದ.

ಅತ್ತೆಗೆ ಖುಷಿಯಾಗಿದ್ದು ಬೇರೆ ವಿಷಯಕ್ಕೆ. ಇಲ್ಲಿ ಉರುವಲಿಗೆ ಮರವಿಲ್ಲ, ಸುಡುವ ಪೀಟ್ ಮಣ್ಣೂ ಆಚೆ ದಡದ ಕನ್ನೆಮಾರಾದಿಂದ ದೋಣಿಯಲ್ಲಿ ಬರಬೇಕಿತ್ತು. ಅದಕ್ಕೆ ಹಿಂದಿನವರು ಸಗಣಿ ಒಣಗಿಸಿ ಉರಿಸುತ್ತಿದ್ದರು ಅಂತ ಪಕ್ಕದ ಮನೆಯವರು ಹೇಳಿದರು. "ಬೆರಣಿ!" ಅಂದರು ಅತ್ತೆ. ಆಮೇಲೆ ಅರ್ಧ ಗಂಟೆ ಅವರಿಬ್ಬರ ಮಾತಿಗೆ ನಾನು ದುಭಾಷಿ.

8. ಮಾತು

ಇದು ಐರಿಷ್ ಭಾಷೆಯ ಊರು. ಎಲ್ಲರಿಗೂ ಇಂಗ್ಲಿಷ್ ಬರುತ್ತದೆ, ಆದರೆ ತಮ್ಮೊಳಗೆ ಆಡುವುದು ಐರಿಷ್. ಎರಡು ಮಾತು ಕಲಿತು ಹೋಗಿ. ನಮಸ್ಕಾರಕ್ಕೆ 'ಜೀಅ ಗಿಚ್', ಥ್ಯಾಂಕ್ಸಿಗೆ 'ಗೊರೆವ್ ಮಾಹಗತ್'. ಉಚ್ಚಾರ ತಪ್ಪಿದರೆ ತಿದ್ದುತ್ತಾರೆ, ನಗುವುದಿಲ್ಲ. ಕಾರಿನಲ್ಲಿ ಹೋಗುವ ಪ್ರತಿಯೊಬ್ಬರೂ ಸ್ಟೇರಿಂಗ್ ಮೇಲಿಂದ ಒಂದು ಬೆರಳು ಎತ್ತುತ್ತಾರೆ, ನೀವೂ ಕೈ ಎತ್ತಿ. ಇನ್ನೊಂದು ಮುಖ್ಯ ಮಾತು: ಶೌಚಾಲಯದ ಬಾಗಿಲ ಮೇಲೆ 'ಮ್ನಾ' ಅಂತ ಇದ್ದರೆ ಹೆಂಗಸರದು, 'ಫಿರ್' ಅಂದರೆ ಗಂಡಸರದು. ಮ್ನಾ ಬರೆಯುವ ಮೂರು ಅಕ್ಷರ ನೋಡಿ 'ಮ್ಯಾನ್' ಅಂದುಕೊಂಡು ಒಳಗೆ ಹೋದ ಗಂಡಸರು ನಮ್ಮನೆಯಲ್ಲೇ ಒಬ್ಬರಿದ್ದಾರೆ.

9. ಕಡಲಿನ ಹತ್ತಿರ

ಇದರಲ್ಲಿ ತಮಾಷೆ ಇಲ್ಲ. ದಕ್ಷಿಣ, ಪಶ್ಚಿಮದ ಚಪ್ಪಟೆ ಬಂಡೆಗಳು ನಡೆಯಲು ಹಾಸಿದಂತೆ ಕಾಣುತ್ತವೆ. ಹತ್ತು ಅಲೆ ಸಣ್ಣದು ಬಂದು ಹನ್ನೊಂದನೆಯದು ಅಲ್ಲಿಯವರೆಗೂ ಹತ್ತಬಹುದು. ಬಂಡೆ ಒದ್ದೆಯಾಗಿ ಕಂಡ ಜಾಗಕ್ಕೆ ಮಕ್ಕಳನ್ನು ಬಿಡಬೇಡಿ. ನಳ್ಳಿ, ಚಿಪ್ಪು, ಕಡಲ ಹೂವು ನೋಡಲು ಕಟ್ಟೆಯ ಹತ್ತಿರದ ಮರಳಿನ ದಡವೇ ಸಾಕು. ಇಳಿತದ ಹೊತ್ತು ನೋಡಿಕೊಂಡು ಹೋಗಿ, ನೀರು ತಿರುಗುವ ಮುಂಚೆ ಬನ್ನಿ. ಅಲ್ಲೇ ಬೋರಲು ಹಾಕಿದ ಕರಾಕ್ ದೋಣಿಗಳನ್ನೂ ನೋಡಬಹುದು: ಮರದ ಪಟ್ಟಿಗಳ ಮೇಲೆ ಟಾರು ಬಳಿದ ಬಟ್ಟೆ. ನಮ್ಮ ಹರಿಗೋಲನ್ನು ಉದ್ದಕ್ಕೆ ಎಳೆದ ಹಾಗಿರುತ್ತದೆ.

10. ವಾಪಸ್

ಹಿಂದಿನ ರಾತ್ರಿಯೇ ದೋಣಿ ಇದೆಯೇ ಕೇಳಿ. ಮಧ್ಯಾಹ್ನದ ನಂತರ ಗಾಳಿ ಏರುತ್ತದೆ ಅಂತ ಮುನ್ಸೂಚನೆ ಇದ್ದರೆ ಸಂಜೆಯ ಟಿಕೆಟ್ ಹಿಡಿದು ಕೂರಬೇಡಿ, ಬೆಳಗಿನ ದೋಣಿಗೆ ಬದಲಾಯಿಸಿಕೊಡಿ ಅಂತ ಕೇಳಿ. ಒಲೆಯ ಬೂದಿ ಪೂರ್ತಿ ಆರಿದ ಮೇಲೇ ಚೆಲ್ಲಿ. ಇಮರ್ಷನ್ ಆರಿಸಿ. ಪ್ಲಾಸ್ಟಿಕ್ ಕಸವನ್ನು ಆದಷ್ಟೂ ನೀವೇ ಹೊತ್ತು ತನ್ನಿ. ಅಲ್ಲಿ ಬಿಟ್ಟ ಕಸವೂ ದೋಣಿ ಹತ್ತಿಯೇ ಹೋಗಬೇಕು. ಉಳಿದ ಅಕ್ಕಿ, ಬೇಳೆ ಮನೆಯವರಿಗೆ ಬೇಕೇ ಕೇಳಿ. ನಮ್ಮ ಸಾರಿನ ಪುಡಿ ಡಬ್ಬಿ ಪಕ್ಕದ ಮನೆಯಲ್ಲೇ ಉಳಿಯಿತು, ಮಾಡುವ ವಿಧಾನ ಬರೆದ ಚೀಟಿ ಸಮೇತ.

ರೊಸ್ಸವೀಲ್‌ನಲ್ಲಿ ಬಸ್ ಹತ್ತುವ ಮುಂಚೆ ಬೂಟು ತಲೆಕೆಳಗೆ ಮಾಡಿ ಕೊಡವಿ. ನಾವು ಕೊಡವಲಿಲ್ಲ, ಮರಳು ಇನ್ನೂ ಡಬ್ಲಿನ್ ಮನೆಯ ಸೋಫಾದ ಸಂದಿಯಲ್ಲಿ ಸಿಗುತ್ತಿದೆ.